ಕೌನ್ಸೆಲಿಂಗಿಗೆ ಬಂದ ಚಿಕ್ಕಪ್ಪ

ಅಂಬಣ್ಣ ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಹಚ್ಚುವ ಹೊತ್ತಿಗೆ ಸರಿಯಾಗಿ ರೋಹಿತ ಬಂದು ಬಾಗಿಲಲ್ಲಿ ನಿಂತ. ಗಚ್ಚಿಬೌಲಿಯ ಆ ಅಪಾರ್ಟ್‌ಮೆಂಟಿನಲ್ಲಿ ಕಾರು ನಿಲ್ಲಿಸುವ ಸೆಲ್ಲಾರಿಗೆ ಇಳಿದು, ಜನರೇಟರ್ ದಾಟಿ, ವಾಚ್‌ಮನ್ ಕೋಣೆಯವರೆಗೆ ಬರುವವರು ಯಾರೂ ಇರಲಿಲ್ಲ. ಬೇಕಾದರೆ ಮೇಲಿನಿಂದಲೇ ಫೋನ್ ಮಾಡುತ್ತಿದ್ದರು. ಅಂಬಣ್ಣ ಎಂಜಲುಗೈಯಲ್ಲೇ ಎದ್ದು ನಿಂತ.

"ಊಟ ಮಾಡಿ, ಊಟ ಮಾಡಿ," ಎಂದ ರೋಹಿತ. "ಒಂದು ಹೆಲ್ಪ್ ಬೇಕಿತ್ತು ಅಂಬಣ್ಣ. ಇಲ್ಲ ಅನ್ಬಾರ್ದು."

ರೋಹಿತ ಮೈಸೂರಿನ ಹುಡುಗ. ಐದನೇ ಮಹಡಿಯಲ್ಲಿ ಇನ್ನಿಬ್ಬರು ಗೆಳೆಯರ ಜೊತೆ ಇದ್ದ. ಕಂಪನಿ ಕೆಲಸ, ಬಿಳಿ ಕಾರು. ಆ ಕಟ್ಟಡದಲ್ಲಿ ಅಂಬಣ್ಣನೊಡನೆ ಕನ್ನಡ ಆಡುತ್ತಿದ್ದವನು ಅವನೊಬ್ಬನೇ. ಅಂಬಣ್ಣ ಲಿಂಗಸುಗೂರು ತಾಲೂಕಿನವನು. ಇದೇ ಕಟ್ಟಡ ಏಳುವಾಗ ಸೆಂಟ್ರಿಂಗ್ ಕೆಲಸಕ್ಕೆಂದು ಬಂದು, ಹಲಗೆ ಜಾರಿ ಬಿದ್ದು ಸೊಂಟ ಕೆಡಿಸಿಕೊಂಡು, ಭಾರ ಎತ್ತಲಾಗದೆ ಅಲ್ಲೇ ವಾಚ್‌ಮನ್ ಆಗಿ ಉಳಿದಿದ್ದ. ಹೆಂಡತಿ ಯಂಕಮ್ಮ ಮೇಲಿನ ಮನೆಗಳಲ್ಲಿ ಕಸ ಮುಸುರೆ ಮಾಡುತ್ತಿದ್ದಳು. ಹಗಲೆಲ್ಲ ತೆಲುಗು, ಹಿಂದಿ ಆಡಿ ನಾಲಿಗೆ ದಣಿದವನಿಗೆ, ಗೇಟು ದಾಟುವಾಗ ಕಾರಿನ ಗಾಜು ಇಳಿಸಿ "ಊಟ ಆಯ್ತಾ ಅಂಬಣ್ಣ?" ಎಂದು ಕೇಳುವ ಈ ಹುಡುಗನ ಮೇಲೆ ಒಂದು ನಮೂನೆ ಅಕ್ಕರೆ ಬೆಳೆದಿತ್ತು.

ವಿಷಯ ಇಷ್ಟು. ಶನಿವಾರ ಕುಡಿದು ಕಾರು ಓಡಿಸುವಾಗ ಪೊಲೀಸರು ಅಡ್ಡಗಟ್ಟಿ ಯಂತ್ರಕ್ಕೆ ಊದಿಸಿದ್ದರು. ಅದು ತೋರಿಸಿದ್ದು ಮಿತಿಗಿಂತ ಎಷ್ಟೋ ಹೆಚ್ಚು. ಕಾರು ಸ್ಟೇಷನ್ನಿನಲ್ಲಿತ್ತು. ಕೋರ್ಟಿಗೆ ಹೋಗುವ ಮೊದಲು ಟ್ರಾಫಿಕ್ ಪೊಲೀಸರ ಕೌನ್ಸೆಲಿಂಗಿನಲ್ಲಿ ಕೂರಬೇಕು, ಒಬ್ಬನೇ ಬಂದರೆ ನಡೆಯದು, ಮನೆಯ ಹಿರಿಯರೊಬ್ಬರನ್ನು ಕರೆತರಬೇಕು ಎಂದಿದ್ದರು.

"ಅಪ್ಪಂಗೆ ಗೊತ್ತಾದ್ರೆ ಮುಗೀತು. ಅಮ್ಮ ಊಟಾನೇ ಬಿಟ್ಬಿಡ್ತಾರೆ. ನೀವು ನನ್ನ ಚಿಕ್ಕಪ್ಪ ಅಂತ ಬಂದು ಸುಮ್ನೆ ಕೂತ್ಕೊಂಡ್ರೆ ಸಾಕು. ಯಾರೂ ಏನೂ ಕೇಳಲ್ಲ."

ಅವನು ಮೇಲೆ ಹೋದ ಮೇಲೆ ಯಂಕಮ್ಮ ತಾಟು ಎತ್ತುತ್ತ, "ಮಂದಿ ಮಗನಿಗೆ ನೀ ಹ್ಯಾಂಗ ಕಾಕಾ ಆಗ್ತಿ? ಅವಂಗ ಅಪ್ಪ ಇಲ್ಲೇನು?" ಎಂದಳು.

"ನಮ್ಮ ಕನ್ನಡ ಹುಡುಗ. ಬಾಯಿಬಿಟ್ಟು ಕೇಳ್ಯಾನ. ಒಂದು ತಾಸು ಕುಂತು ಬಂದ್ರ ನನ್ನ ಗಂಟೇನು ಹೋಗತೈತಿ?"

ಅಂಬಣ್ಣ ತೊಳೆದಿಟ್ಟ ಬಿಳಿ ಅಂಗಿ ಹುಡುಕಿ ತೆಗೆದ.

ಕೌನ್ಸೆಲಿಂಗಿನ ಹಾಲ್ ತುಂಬಿತ್ತು. ಆಟೋದವರು, ಕಾಲೇಜು ಹುಡುಗರು, ಕುತ್ತಿಗೆಗೆ ಕಂಪನಿಯ ಪಟ್ಟಿ ನೇತುಹಾಕಿಕೊಂಡವರು. ಒಬ್ಬೊಬ್ಬರ ಪಕ್ಕದಲ್ಲೂ ಒಬ್ಬ ತಂದೆ, ಒಬ್ಬ ಹೆಂಡತಿ, ಒಬ್ಬ ಅಕ್ಕ. ಅಂಬಣ್ಣನ ಆಚೆ ಕುರ್ಚಿಯಲ್ಲಿದ್ದ ಮುದುಕಿ ತನ್ನ ಮಗನ ಅಂಗಿತೋಳನ್ನು ಹಿಡಿದುಕೊಂಡೇ ಕೂತಿದ್ದಳು, ಕೈಬಿಟ್ಟರೆ ಅವನು ಎದ್ದು ಹೋಗುತ್ತಾನೆಂಬಂತೆ. ಬಾಗಿಲಲ್ಲಿ ಕಾನ್‌ಸ್ಟೇಬಲ್ ಹೆಸರು, ಸಂಬಂಧ, ಫೋನ್ ನಂಬರು ಕೇಳಿ ಕಂಪ್ಯೂಟರಿಗೆ ಹಾಕಿಕೊಂಡಿದ್ದ. ಸಂಬಂಧ ಎಂದಾಗ ರೋಹಿತ ಮುಂದೆ ಬಂದು "ಅಂಕಲ್" ಎಂದಿದ್ದ.

ಮೊದಲು ಒಂದು ಚಿತ್ರ ತೋರಿಸಿದರು. ಅಂಬಣ್ಣ ರಕ್ತ, ಮುರಿದ ಕೈಕಾಲು ನೋಡಬೇಕಾದೀತೆಂದು ಹೆದರಿದ್ದ. ಅದೇನೂ ಇರಲಿಲ್ಲ. ಕುಡಿದು ಯಾರನ್ನೋ ಗುದ್ದಿ ಜೈಲಿಗೆ ಹೋಗಿ ಬಂದ ಒಬ್ಬ ಮನುಷ್ಯ ಗೋಡೆಗೆ ಒರಗಿ ಕೂತು ಮಾತಾಡಿದ. ರಸ್ತೆ ತನಗೆ ನೆನಪೇ ಇಲ್ಲ, ಜನ ಕಾರಿನ ಬಾಗಿಲು ಎಳೆಯುತ್ತಿದ್ದ ಸದ್ದಷ್ಟೇ ನೆನಪಿದೆ, ಮನೆಯಲ್ಲಿ ಯಾರಾದರೂ ಬಾಗಿಲು ಜೋರಾಗಿ ಎಳೆದರೆ ಈಗಲೂ ಎದ್ದು ನಿಲ್ಲುತ್ತೇನೆ ಎಂದ. ಅಂಬಣ್ಣ ಹಾಲಿನ ಬಾಗಿಲ ಕಡೆ ಒಮ್ಮೆ ನೋಡಿದ. ಪಕ್ಕಕ್ಕೆ ತಿರುಗಿದರೆ ರೋಹಿತ ತೊಡೆಯ ಮೇಲಿಟ್ಟ ಫೋನಿನಲ್ಲಿ ಬೆರಳಾಡಿಸುತ್ತಿದ್ದ.

ಆಮೇಲೆ ಗಿರಿಜಾಬಾಯಿ ಎಂಬವರು ಎದ್ದು ಬಂದರು. ನರೆತ ಕೂದಲು, ಇಳಕಲ್ ಸೀರೆ. ಬೀದರ್ ಕಡೆಯವರು, ಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ಇಲ್ಲಿ ಬಂದು ಬುದ್ಧಿ ಹೇಳುತ್ತಿದ್ದರು. ಕುಡಿದವರಿಗೆ ಅವರು ಏನೂ ಹೇಳಲಿಲ್ಲ. ಜೊತೆಗೆ ಬಂದ ಹಿರಿಯರನ್ನೇ ಒಬ್ಬೊಬ್ಬರಾಗಿ ಎಬ್ಬಿಸಿದರು. ಮುಂದೆ ನಿಮ್ಮವನು ಕುಡಿದ ದಿನ ಗಾಡಿಯ ಕೀಲಿ ಯಾರ ಕೈಯಲ್ಲಿರುತ್ತದೆ ಎಂದು ತೆಲುಗಿನಲ್ಲಿ, ಹಿಂದಿಯಲ್ಲಿ ಕೇಳಿದರು. ನನ್ನ ಕೈಯಲ್ಲಿ ಎಂದು ಎಲ್ಲರ ಮುಂದೆ ಹೇಳಿಸಿದರು.

ಅಂಬಣ್ಣನ ಎದುರು ಬಂದಾಗ ಅವನ ತೊದಲು ತೆಲುಗು ಕೇಳಿ ಅವರು ಕನ್ನಡಕ್ಕೆ ಹೊರಳಿದರು. "ಯಾವೂರ್ರಿ ನಿಮ್ದು?"

"ಲಿಂಗಸೂರ್ ಕಡೀ ರೀ."

"ಹುಡುಗ ಬಾಗಲದಾಗ ನಿಮ್ಮ ಜೋಡಿ ಮೈಸೂರ ಮಾತಾಡ್ತಿದ್ದನಲ್ಲ?"

ರೋಹಿತ ಫೋನಿನಿಂದ ತಲೆ ಎತ್ತಿದ. ಯಾರೂ ಕಲಿಸಿಕೊಡದ ಮಾತು ಅಂಬಣ್ಣನ ಬಾಯಿಂದ ತಾನಾಗಿಯೇ ಬಂತು. "ನಮ್ಮಣ್ಣ ನೌಕರಿಗಂತ ಆ ಕಡೀ ಹೋದ್ರಿ. ಹುಡುಗ ಅಲ್ಲೇ ಹುಟ್ಟಿ ಬೆಳದಾನ. ನಾ ಎತ್ತಿ ಆಡಿಸೀನ್ರಿ ಇವನ್ನ."

ಗಿರಿಜಾಬಾಯಿ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದರು. "ಕೀಲಿ ಯಾರ ಕೈಯಾಗ ಇರ್ತದ?"

"ನನ್ನ ಕೈಯಾಗ್ರಿ."

ಹೊರಗೆ ಬಂದ ಮೇಲೆ ರೋಹಿತ ಅವನ ಬೆನ್ನು ತಟ್ಟಿ ನಕ್ಕ. "ಸೂಪರ್ ಆಕ್ಟಿಂಗ್ ಚಿಕ್ಕಪ್ಪ! ಎತ್ತಿ ಆಡಿಸಿದ್ರಂತೆ!"

ಅಂಬಣ್ಣನೂ ನಕ್ಕ. ಆದರೆ ಆಟೋದಲ್ಲಿ ಬರುವಾಗ ದಾರಿಯುದ್ದಕ್ಕೂ ಒಳಗೊಳಗೇ ಏನೋ ಕೊರೆಯುತ್ತಿತ್ತು. ಅಷ್ಟು ಜನರ ಎದುರು, ಆ ಮುದುಕಿಯ ಎದುರು, ಮಾತು ಕೊಟ್ಟಿದ್ದ. ಸುಳ್ಳು ಚಿಕ್ಕಪ್ಪನೇ ಇರಬಹುದು, ಕೊಟ್ಟ ಮಾತು ಸುಳ್ಳಾಗಬೇಕೆಂದೇನೂ ಇಲ್ಲವಲ್ಲ. ಗೇಟಿನ ಹತ್ತಿರ ಇಳಿಯುವಾಗ ಹೇಳಿಯೇ ಬಿಟ್ಟ. "ತಮ್ಮಾ, ನಾ ಅಂದದ್ದು ಖರೇನ ಐತಿ. ಕಾರು ಬಂದ ಮ್ಯಾಲ ಕುಡಿಯೋ ದಿನ ಕೀಲಿ ನನ್ನ ಕೈಯಾಗ ಕೊಡ್ರಿ."

ರೋಹಿತ ಆಟೋದವನಿಗೆ ದುಡ್ಡು ಕೊಟ್ಟ. ಆಮೇಲೆ "ಆಯ್ತು ಬಿಡಿ" ಎಂದ.

ಕೋರ್ಟಿನಲ್ಲಿ ದಂಡ ಹಾಕಿದರು, ಲೈಸೆನ್ಸನ್ನು ಕೆಲವು ತಿಂಗಳ ಮಟ್ಟಿಗೆ ತಡೆಹಿಡಿದರು. ಕಾರು ಮನೆಗೆ ಬಂತು. ಲೈಸೆನ್ಸಿಲ್ಲದೆಯೂ ರೋಹಿತ ಆಫೀಸಿಗೆ ಅದರಲ್ಲೇ ಹೋಗುತ್ತಿದ್ದ. ಅದನ್ನು ಕೇಳುವ ಧೈರ್ಯ ಅಂಬಣ್ಣನಿಗೆ ಆಗಲಿಲ್ಲ. ಆದರೆ ಶುಕ್ರವಾರ ಸಂಜೆ ಹುಡುಗ ತಾನಾಗಿಯೇ ಸೆಲ್ಲಾರಿಗೆ ಇಳಿದು ಬಂದು ಕೀಲಿ ಕೊಟ್ಟು ಕ್ಯಾಬಿನಲ್ಲಿ ಹೊರಟುಹೋದ. ಮುಂದಿನ ಶುಕ್ರವಾರವೂ ಕೊಟ್ಟ. ಯಂಕಮ್ಮ ಅದನ್ನು ಹಿಟ್ಟಿನ ಡಬ್ಬಿಯ ಮೇಲೆ ಇಡುತ್ತಿದ್ದಳು. ಬೆಳಿಗ್ಗೆ ಕೀಲಿಗೆ ಬಂದಾಗ ಅವನಿಗೆ ಚಹಾ ಕೊಡುತ್ತಿದ್ದಳು. ಒಂದು ಸಲ ಅವನು ಅಲ್ಲೇ ಕೂತು ಎರಡು ಬಿಸಿ ರೊಟ್ಟಿ ತಿಂದ. "ಹುಡುಗ ಛಲೋ ಅದಾನ," ಎಂದಳು ಯಂಕಮ್ಮ. ಅಂಬಣ್ಣನಿಗೆ ತಾನೇ ಏನೋ ಗೆದ್ದಂತೆ ಆಗಿತ್ತು.

ಅದು ಹೇಗೆ ಕೆಟ್ಟಿತೆಂದು ಕೇಳಿದರೆ ಅಂಬಣ್ಣನಿಗೆ ಒಂದು ದಿನವನ್ನು ಬೆರಳಿಟ್ಟು ತೋರಿಸಲು ಬರುತ್ತಿರಲಿಲ್ಲ. ಗೆಳೆಯರು ಲಿಫ್ಟಿನ ಹತ್ತಿರ ನಿಂತು ನಗುತ್ತಿದ್ದರು. ನಿನ್ನ ಕಾರಿನ ಕೀಲಿ ವಾಚ್‌ಮನ್ ಹತ್ತಿರವಂತೆ ಎಂದು ಒಬ್ಬ ಹಿಂದಿಯಲ್ಲಿ ಕೇಳಿದ್ದು ಅಂಬಣ್ಣನ ಕಿವಿಗೇ ಬಿದ್ದಿತ್ತು. ಆಮೇಲೆ ರೋಹಿತ ಕೀಲಿ ಕೊಡುವುದನ್ನು ಮರೆಯತೊಡಗಿದ. ಕೇಳಿದರೆ ಕೊಡುತ್ತಿದ್ದ, ಆದರೆ ಕಾರು ಮಾತ್ರ ತನ್ನ ಜಾಗದಲ್ಲಿ ಇರುತ್ತಿರಲಿಲ್ಲ. ಇನ್ನೊಂದು ಕೀಲಿ ಇತ್ತು. ಯಾವ ರಸ್ತೆಯಲ್ಲಿ ಪೊಲೀಸರು ನಿಂತಿದ್ದಾರೆಂದು ಗೆಳೆಯರೆಲ್ಲ ಫೋನಿನಲ್ಲಿ ಒಬ್ಬರಿಗೊಬ್ಬರು ತಿಳಿಸುವ ಗುಂಪೂ ಇತ್ತು.

"ಈಗ ನಾವು ಸಂಜೆ ಕುಡಿಯೋದೇ ಇಲ್ಲ ಅಂಬಣ್ಣ," ಎಂದು ಒಂದು ದಿನ ಅವನೇ ಹೇಳಿದ, ಒಳ್ಳೆಯ ಸುದ್ದಿ ಹೇಳುವವನಂತೆ. "ಭಾನುವಾರ ಮಧ್ಯಾಹ್ನ ಅಷ್ಟೇ. ಮಧ್ಯಾಹ್ನ ಯಾರೂ ನಿಲ್ಸಲ್ಲ. ಚೆಕಿಂಗ್ ಎಲ್ಲ ರಾತ್ರಿನೇ."

"ಪೊಲೀಸ್ರ ಸಲುವಾಗಿ ಅಲ್ರಿ ತಮ್ಮಾ ನಾ ಹೇಳಾಕತ್ತಿದ್ದು..."

"ಗೊತ್ತು, ಗೊತ್ತು," ಎನ್ನುತ್ತ ರೋಹಿತ ಲಿಫ್ಟಿನ ಗುಂಡಿ ಒತ್ತಿದ್ದ.

ಆ ಭಾನುವಾರ ಕ್ರಿಕೆಟ್ ಪಂದ್ಯವಿತ್ತು. ಬೆಳಿಗ್ಗೆಯಿಂದ ಐದನೇ ಮಹಡಿಯ ಬಾಲ್ಕನಿಯಲ್ಲಿ ಕೂಗಾಟ ಕೇಳುತ್ತಿತ್ತು. ಯಂಕಮ್ಮ ಪಾತ್ರೆ ತೊಳೆದು ಬಂದು, ಅವರ ಅಡಿಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲ ಬಾಟಲಿ ಎಂದಿದ್ದಳು. ಮಧ್ಯಾಹ್ನ ಬಿಸಿಲು ಇನ್ನೂ ನೆತ್ತಿಯ ಮೇಲಿರುವಾಗ ಬಿಳಿ ಕಾರು ಸೆಲ್ಲಾರಿನ ಏರು ಹತ್ತಿ ಗೇಟಿಗೆ ಬಂತು. ರೋಹಿತನೇ ಓಡಿಸುತ್ತಿದ್ದ, ಪಕ್ಕದಲ್ಲಿ, ಹಿಂದೆ ಗೆಳೆಯರು. ಅಂಬಣ್ಣ ಗೇಟು ತೆಗೆಯದೆ ಕಿಟಕಿಯ ಬಳಿ ಹೋದ. ಗಾಜು ಇಳಿದದ್ದೇ ವಾಸನೆ ಗಪ್ಪನೆ ಹೊಡೆಯಿತು.

"ಎಲ್ಲಿಗ್ರಿ ತಮ್ಮಾ?"

"ಇಲ್ಲೇ, ಬಿರಿಯಾನಿ ತರಕ್ಕೆ."

"ಕೀಲಿ ಕೊಡ್ರಿ. ನಾ ಯಾರನ್ನರ ಕಳಸ್ತೀನಿ. ಇಲ್ಲಾಂದ್ರ ಫೋನಿನ್ಯಾಗ ತರಸ್ರಿ." ಅಂಬಣ್ಣ ಕಿಟಕಿಯೊಳಗೆ ಕೈ ಚಾಚಿದ.

ಹಿಂದೆ ಕೂತವರಲ್ಲಿ ಒಬ್ಬ ಕಿಸಕ್ಕೆಂದು ನಕ್ಕ. ರೋಹಿತನ ಮುಖ ಕೆಂಪಾಯಿತು. ಅವನು ಅಂಬಣ್ಣನ ಕಡೆ ನೋಡದೆ, ಎದುರಿನ ಗೇಟನ್ನು ನೋಡುತ್ತ ಹಿಂದಿಯಲ್ಲಿ ಹೇಳಿದ. "ಗೇಟ್ ಖೋಲೋ. ಪೀಛೇ ಗಾಡಿ ಹೈ."

ಇಷ್ಟು ದಿನದಲ್ಲಿ ಅವನು ಅಂಬಣ್ಣನೊಡನೆ ಹಿಂದಿ ಆಡಿದ್ದು ಅದೇ ಮೊದಲು. ಹಿಂದೆ ನಿಜವಾಗಿಯೂ ಅಸೋಸಿಯೇಷನ್ ಸೆಕ್ರೆಟರಿಯ ಗಾಡಿ ಬಂದು ನಿಂತಿತ್ತು, ಹಾರ್ನ್ ಹೊಡೆಯುತ್ತಿತ್ತು. ಅಂಬಣ್ಣ ಕೈ ಹಿಂದಕ್ಕೆ ತೆಗೆದುಕೊಂಡ. ಗೇಟಿಗೆ ಅಡ್ಡ ನಿಲ್ಲಬಹುದಿತ್ತು. ಸೆಕ್ರೆಟರಿಗೆ ಹೇಳಬಹುದಿತ್ತು, ಕೂಗಬಹುದಿತ್ತು. ಅವನು ಗೇಟು ತೆಗೆದ. ರೂಢಿಯಂತೆ ಕೈ ಹಣೆಗೆ ಹೋಗಿ ಸಲಾಮೂ ಹೊಡೆಯಿತು.

ಸ್ವಲ್ಪ ಹೊತ್ತಿಗೆ ಅವನ ಫೋನ್ ಬಡಿದುಕೊಂಡಿತು. "ರೋಹಿತ್ ವಾಳ್ಳ ಬಾಬಾಯಿ ಮೀರೇನಾ?" ಎಂದು ಒಂದು ಗಡಸು ದನಿ ತೆಲುಗಿನಲ್ಲಿ ಕೇಳಿತು. ರೋಹಿತನ ಚಿಕ್ಕಪ್ಪ ನೀವೇನಾ? ಠಾಣೆಯವರು. ಹುಡುಗ ಮೊದಲು ಸಿಕ್ಕಿಬಿದ್ದಾಗ ಕೌನ್ಸೆಲಿಂಗಿನಲ್ಲಿ ಬರೆಸಿದ ನಂಬರು ಅವರ ಕೈಗೆ ಸಿಕ್ಕಿತ್ತು. ಕೂಡಲೇ ಆಸ್ಪತ್ರೆಗೆ ಬರಬೇಕಂತೆ.

ಯಂಕಮ್ಮ ಬಾಗಿಲಿಗೆ ಅಡ್ಡ ನಿಂತಳು. "ಹೋಗಬ್ಯಾಡ. ನಾ ಯಾರೂ ಅಲ್ಲ, ವಾಚ್‌ಮನ್ ಅಂತ ಹೇಳಿಬಿಡು."

"ಗೇಟು ತಗದಂವ ನಾನ," ಎಂದ ಅಂಬಣ್ಣ.

ರೋಹಿತನಿಗೆ ಹಣೆಯ ಮೇಲೆ ಒಂದು ಪಟ್ಟಿ ಕಟ್ಟಿದ್ದರು, ಅಷ್ಟೇ. ಇಬ್ಬರು ಪೊಲೀಸರ ನಡುವೆ ಕೂತು ನೆಲ ನೋಡುತ್ತಿದ್ದ. ಗೆಳೆಯರು ಕಾಣಲಿಲ್ಲ. ಕಾರು ತಿರುವಿನಲ್ಲಿ ಹಿಡಿತ ತಪ್ಪಿ, ರಸ್ತೆ ದಾಟಲು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ ಒಬ್ಬನನ್ನು ಗೋಡೆಗೆ ಒತ್ತಿಬಿಟ್ಟಿತ್ತು. ಶ್ರೀನಿವಾಸ ಎಂದು ಅವನ ಹೆಸರು, ಎಲೆಕ್ಟ್ರಿಷಿಯನ್. ಯಾರದೋ ಮನೆಯ ಫ್ಯಾನ್ ರಿಪೇರಿ ಮುಗಿಸಿ ಊಟಕ್ಕೆ ಮನೆಗೆ ಹೊರಟಿದ್ದವನು.

ಅವನ ಹೆಂಡತಿ ಭವಾನಿ ತೀವ್ರ ನಿಗಾ ಘಟಕದ ಹೊರಗೆ, ಗಂಡನ ಸಾಮಾನಿನ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಪೊಲೀಸಿನವನು ಅಂಬಣ್ಣನ ಕಡೆ ಬೆರಳು ಮಾಡಿ ಏನೋ ಹೇಳಿದ. ಅವಳು ಎದ್ದು ಬಂದಳು. ಹೊಡೆಯುತ್ತಾಳೆಂದೇ ಅಂಬಣ್ಣ ತಿಳಿದ. ಹೊಡೆದಿದ್ದರೆ ಒಳ್ಳೆಯದಿತ್ತು.

"ಮೀ ಪಿಲ್ಲೋಡೇನಾ?" ಎಂದಳು. ನಿಮ್ಮ ಹುಡುಗನೇನಾ?

ಅಲ್ಲ ಎನ್ನಲು ಬಾಯಿ ತೆರೆದ. ಆ ಉದ್ದನೆಯ ಕಾರಿಡಾರಿನಲ್ಲಿ ರೋಹಿತನ ಕಡೆಯವರು ಎನ್ನಲು ಬೇರೆ ಯಾರೂ ಇರಲಿಲ್ಲ. ತಾನೂ ಅಲ್ಲವೆಂದರೆ ಇವಳು ಯಾರನ್ನು ಕೇಳಬೇಕು? "ಅವುನಮ್ಮಾ," ಎಂದ ಅಂಬಣ್ಣ. ಹೌದಮ್ಮಾ.

ಅವನಿಗೆ ಬುದ್ಧಿ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲವೇ ಎಂದು ಅವಳು ಕೇಳಿದಳು. ಜಗಳದ ದನಿಯಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ದನಿ. ಅಂಬಣ್ಣ ತನ್ನ ಫೋನ್ ನಂಬರು ಹೇಳಿ, ಏನಿದ್ದರೂ ಇದಕ್ಕೆ ಮಾಡಮ್ಮಾ ಎಂದ.

ಮರುದಿನ ಬೆಳಿಗ್ಗೆ ರೋಹಿತನ ತಂದೆ ಗೋಪಿನಾಥ ಮೈಸೂರಿನಿಂದ ಬಂದರು. ಬ್ಯಾಂಕಿನಿಂದ ನಿವೃತ್ತರಾದವರು, ಮೃದು ಮಾತಿನ ಮನುಷ್ಯ. ಠಾಣೆಯಲ್ಲಿ ಎಲ್ಲ ಕೇಳಿ ತಿಳಿದುಕೊಂಡು ಸೀದಾ ಸೆಲ್ಲಾರಿಗೆ ಇಳಿದು ಬಂದರು. ಯಂಕಮ್ಮ ಕೊಟ್ಟ ನೀರನ್ನು ಮುಟ್ಟಲಿಲ್ಲ.

"ನೀವು ಯಾರಪ್ಪ ನನ್ನ ಮಗನಿಗೆ?" ಎಂದರು. "ಯಾವ ಸಂಬಂಧದ ಮೇಲೆ ಹೋಗಿ ಕೂತ್ರಿ?"

"ತಪ್ಪಾತ್ರಿ ಸಾಹೇಬ್ರ. ಹುಡುಗ ಕೇಳಿದ, ಹೋದೆ."

"ಮನೆಯವರನ್ನ ಕರ್ಕೊಂಡ್ ಬಾ ಅಂತ ಅವರು ಹೇಳಿದ್ದು ಯಾತಕ್ಕೆ? ನಮಗೆ ಗೊತ್ತಾಗ್ಲಿ ಅಂತ. ನೀವು ಹೋಗದೆ ಇದ್ದಿದ್ರೆ ಅವನು ನನಗೆ ಫೋನ್ ಮಾಡ್ಲೇಬೇಕಿತ್ತು. ಅವತ್ತೇ ಬಂದು ಕಾರು ಮಾರಿಸ್ತಿದ್ದೆ. ಕೈ ಹಿಡ್ಕೊಂಡು ಊರಿಗೆ ಕರ್ಕೊಂಡ್ ಹೋಗ್ತಿದ್ದೆ. ಆ ಒಂದು ದಾರೀನೂ ಮುಚ್ಚಿಬಿಟ್ರಲ್ಲ ನೀವು."

ಅಂಬಣ್ಣ ಅವರ ಕಾಲು ಮುಟ್ಟಲು ಬಗ್ಗಿದ. ಸೊಂಟ ಹಿಡಿದುಕೊಂಡು ಅರ್ಧಕ್ಕೇ ನಿಂತ. ಗೋಪಿನಾಥರು ಅವನನ್ನು ತೋಳು ಹಿಡಿದು ಎತ್ತಿದರು. ಎತ್ತಿದವರು ಹಾಗೇ ಹಿಡಿದುಕೊಂಡು ನಿಂತರು.

"ಮಾರಿಸ್ತಿದ್ನೋ ಇಲ್ವೋ," ಎಂದರು ಆಮೇಲೆ, ತಮಗೇ ಹೇಳಿಕೊಳ್ಳುವಂತೆ. "ಯಾರಿಗೆ ಗೊತ್ತು. ಕೊಡಿಸಿದವನು ನಾನೇ ಅಲ್ವಾ."

ಶ್ರೀನಿವಾಸ ಕಣ್ಣು ತೆರೆಯಲಿಲ್ಲ. ಗುರುವಾರ ತೀರಿಕೊಂಡ. ಆ ವಾರವೇ ಅಸೋಸಿಯೇಷನ್ನಿನವರು ಅಂಬಣ್ಣನನ್ನು ಕರೆದು, ಪೊಲೀಸರು ಗೇಟಿಗೆ ಬಂದು ಹೋಗುವುದು ಕಟ್ಟಡದ ಹೆಸರಿಗೆ ಒಳ್ಳೆಯದಲ್ಲ, ತಿಂಗಳ ಕೊನೆಗೆ ಕೋಣೆ ಖಾಲಿ ಮಾಡು ಎಂದರು. ಯಂಕಮ್ಮನ ಮನೆಗೆಲಸಗಳೂ ಒಂದೊಂದಾಗಿ ಬಿಟ್ಟುಹೋದವು.

ಹೊರಡುವ ಮೊದಲು ಅಂಬಣ್ಣ ಒಮ್ಮೆ ಕೌನ್ಸೆಲಿಂಗಿನ ಆ ಹಾಲಿಗೆ ಹೋದ. ಗಿರಿಜಾಬಾಯಿಯವರಿಗೆ ಎಲ್ಲ ಹೇಳಿಬಿಡಬೇಕು, ಅವರು ಬೈದರೆ ಬೈಸಿಕೊಳ್ಳಬೇಕು, ಪೊಲೀಸಿಗೆ ಕೊಟ್ಟರೆ ಒಳಗೆ ಹೋಗಿ ಕೂರಬೇಕು ಎಂದು ಗಟ್ಟಿ ಮಾಡಿಕೊಂಡಿದ್ದ. ಒಳಗೆ ಹೊಸ ಗುಂಪು ಕೂತಿತ್ತು, ಚಿತ್ರ ನಡೆದಿತ್ತು. ಗಿರಿಜಾಬಾಯಿ ಹೊರಗೆ ಬಂದು ಮೆಟ್ಟಿಲ ಮೇಲೆ ಅವನ ಪಕ್ಕದಲ್ಲೇ ಕೂತು ಪೂರ್ತಿ ಕೇಳಿದರು.

"ನನಗ ಅವತ್ತೇ ಗೊತ್ತಾಗಿತ್ತು," ಎಂದರು.

ಅಂಬಣ್ಣ ಅವರ ಕಡೆ ತಿರುಗಿದ. "ಗೊತ್ತಿದ್ದೂ ಯಾಕ ಬಿಟ್ರಿ ಅವ್ವಾರ?"

"ಭಾಳ ಮಂದಿ ಹಂಗೇ ಬರ್ತಾರ. ಆಫೀಸಿನ ಡ್ರೈವರ್ ಅಪ್ಪ ಆಗಿ ಬರ್ತಾನ, ಪಕ್ಕದ ಮನೆಯಾಕಿ ಅಕ್ಕ ಆಗಿ ಬರ್ತಾಳ. ಒಬ್ಬೊಬ್ಬರನ್ನ ಹಿಡದು ಹೊರಗ ಹಾಕ್ಲಿ ಅಂದ್ರ ಈ ಹಾಲ್ ಅರ್ಧ ಖಾಲಿ ಆಗ್ತದ. ನಿಮ್ಮ ಮುಖ ನೋಡಿ, ಇವರು ಕೀಲಿ ಇಟ್ಕೋತಾರ ಅನ್ನಿಸ್ತು. ಖರೇ ಅಪ್ಪಗಿಂತ ಇವರೇ ವಾಸಿ ಅಂತ ಸುಮ್ಮನಾದೆ."

"ಇಟ್ಟಿದ್ದೆ ರೀ. ಸ್ವಲ್ಪ ದಿನ."

"ಹೂಂ," ಎಂದರು ಗಿರಿಜಾಬಾಯಿ. ಒಳಗಿನಿಂದ ಚಿತ್ರದ ಆ ಮನುಷ್ಯನ ದನಿ ಕೇಳುತ್ತಿತ್ತು. ಅದು ಮುಗಿದದ್ದೇ ಅವರು ಮೊಣಕಾಲ ಮೇಲೆ ಕೈಯೂರಿ ಎದ್ದು, ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಅವನನ್ನು ಯಾರೂ ಬೈಯಲಿಲ್ಲ, ಹಿಡಿಯಲೂ ಇಲ್ಲ.

ಈಗ ಅಂಬಣ್ಣ ಊರಾಚೆ ಒಂದು ಹೊಸ ಕಟ್ಟಡದ ಸೈಟಿನಲ್ಲಿ ಕಾವಲಿಗಿದ್ದಾನೆ. ತಗಡಿನ ಗುಡಿಸಲು, ಟ್ಯಾಂಕರ್ ನೀರು. ರೋಹಿತನಿಗೆ ಜಾಮೀನು ಸಿಕ್ಕಿತೆಂದು ಭವಾನಿಯೇ ಫೋನ್ ಮಾಡಿ ಹೇಳಿದಳು. ಅವಳ ಹತ್ತಿರ ಇರುವುದು ಅಂಬಣ್ಣನ ನಂಬರೊಂದೇ. ಕೋರ್ಟಿನ ಮುಂದಿನ ವಾಯಿದೆಗೆ ಹುಡುಗ ಬರುತ್ತಾನೋ ಇಲ್ಲವೋ ಎಂದು ಕೇಳುತ್ತಾಳೆ. ಗೊತ್ತಿಲ್ಲಮ್ಮಾ ಎನ್ನುತ್ತಾನೆ. ತಾನು ಚಿಕ್ಕಪ್ಪನಲ್ಲವೆಂದು ಹೇಳಲು ಅವನಿಗೆ ಇನ್ನೂ ಬಾಯಿ ಬಂದಿಲ್ಲ. ಸಿಮ್ ಬದಲಿಸು ಎಂದು ಯಂಕಮ್ಮ ಎಷ್ಟೋ ಸಲ ಹೇಳಿದ್ದಾಳೆ.

ಸೈಟಿನ ಎದುರಿಗೇ ಒಂದು ವೈನ್ ಶಾಪ್ ಇದೆ. ಮಧ್ಯಾಹ್ನದಿಂದಲೇ ಗಾಡಿಗಳು ಬಂದು ಸಾಲುಗಟ್ಟುತ್ತವೆ. ಮೊದಮೊದಲು ಅಂಬಣ್ಣ ರಸ್ತೆ ದಾಟಿ ಹೋಗಿ, ತೂರಾಡುತ್ತ ಬೈಕ್ ಹತ್ತುವ ಹುಡುಗರ ಹತ್ತಿರ ಕೀಲಿ ಕೇಳುತ್ತಿದ್ದ. ಕೆಲವರು ನಕ್ಕರು. ಒಬ್ಬ ಎದೆಗೆ ಕೈಹಾಕಿ ನೂಕಿದ, ಅಂಬಣ್ಣ ಜಲ್ಲಿಯ ಮೇಲೆ ಬಿದ್ದ. ಸೊಂಟದ ಹಳೆಯ ನೋವು ಎದ್ದು ಒಂದು ವಾರ ಮಲಗಿದ. ಆಮೇಲೆ ಹೋಗಲಿಲ್ಲ. ಈಗ ಮಧ್ಯಾಹ್ನವಾಯಿತೆಂದರೆ ಕುರ್ಚಿಯನ್ನು ಕಟ್ಟಡದ ಕಡೆ ತಿರುಗಿಸಿಕೊಂಡು, ರಸ್ತೆಗೆ ಬೆನ್ನು ಮಾಡಿ ಕೂರುತ್ತಾನೆ. ಹಿಂದೆ ಬೈಕುಗಳು ಶುರುವಾಗುವ ಸದ್ದು ಕೇಳುತ್ತದೆ. ಅದು ದೂರವಾಗಿ ಅಡಗುವವರೆಗೆ ಯಂಕಮ್ಮ ಏನು ಕೇಳಿದರೂ ಮಾತಾಡುವುದಿಲ್ಲ.